ಮಾತು ಕೇಳುವ ಗೊಂಬೆ

ತುಂಗಭದ್ರೆಯ ದಂಡೆಯಲ್ಲಿ ಹುಲುಗಪ್ಪ ಎಂಬ ಗುರುಗಳಿದ್ದರು. ತೊಗಲುಗೊಂಬೆ ಆಡಿಸುತ್ತ, ಜೊತೆಜೊತೆಗೇ ಹಾಡುತ್ತ ಆಯುಷ್ಯ ಕಳೆದವರು.

ಈಚೆಗೆ ಅವರ ಕೈ ನಡುಗತೊಡಗಿತ್ತು. ಗೊಂಬೆ ಹಿಡಿಯಲಾಗದೆ ಆಟ ನಿಂತುಹೋಯಿತು. ಗಂಟಲು ಮಾತ್ರ ಗಟ್ಟಿಯಾಗಿತ್ತು.

ಗುರುಗಳು ಮತ್ತೆ ಆಟ ಆಡಬೇಕು. ಶಿಷ್ಯೆ ಅಂಬುಜಾಳಿಗೆ ಅದೊಂದೇ ಹಟ. ಗೊಂಬೆಗೆ ಅವಳ ಕೈ ಇನ್ನೂ ಒಗ್ಗಿರಲಿಲ್ಲ, ಕಂಪ್ಯೂಟರಿಗೆ ಚೆನ್ನಾಗಿಯೇ ಒಗ್ಗಿತ್ತು. ಎಂಟು ತಿಂಗಳು ಕೂತು ಒಬ್ಬ ಹನುಮಂತನನ್ನು ಮಾಡಿದಳು. ಪಕ್ಕಕ್ಕಷ್ಟೇ ನೋಡುವ ತೊಗಲಿನವನಲ್ಲ, ಸುತ್ತ ತಿರುಗಿ ಬೆನ್ನನ್ನೂ ತೋರಿಸುವ ತ್ರೀಡಿ ಹನುಮಂತ.

"ನೀವು ಹಾಡ್ರಿ ಸಾಕು, ಗುರುಗಳೇ. ಹಾಡು ಮೈಕಿನಿಂದ ಸಂಗೀತದ ಸಾಫ್ಟ್‌ವೇರ್‌ಗೆ ಹೋಗ್ತೈತಿ. ಅದು ಮದ್ದಳಿ ಬಾರಿಸ್ತೈತಿ, ಸ್ವರ ಅಳದು ಗೊಂಬಿಗೂ ಹೇಳ್ತೈತಿ. ಗೊಂಬಿ ಕುಣೀತೈತಿ."

ಗುರುಗಳಿಗೆ ಕುತೂಹಲ ತಡೆಯಲಾಗಲಿಲ್ಲ. ಎದ್ದು ಹೋಗಿ ಹನುಮಂತ ಮೂಡಿದ್ದ ಪರದೆಯ ಹಿಂದೆ ಇಣುಕಿದರು. ಅಲ್ಲಿ ಯಾರೂ ಇರಲಿಲ್ಲ.

ಬಂದು ಕೂತು ಹಾಡಿದರು. ಸ್ವರ ಏರಿದರೆ ಹನುಮಂತ ಏರಿದ. ಇಳಿದರೆ ಇಳಿದ. ನಡುವೆ ಕೆಮ್ಮಿದರು, ಅದಕ್ಕೂ ಹಾರಿದ.

ಗುರುಗಳು ಅರ್ಧಕ್ಕೇ ನಿಲ್ಲಿಸಿದರು. "ಸಾಕವ್ವಾ. ಬ್ಯಾಸರ ಬಂತು."

ಅಂಬುಜಾಳ ಮುಖ ಸಣ್ಣದಾಯಿತು. "ತಡ ಆಗಾಕತ್ತೈತೇನ್ರಿ?"

"ಇಲ್ಲ. ಹೇಳಿದ ಕೂಡ್ಲೇ ಕೇಳ್ತೈತಿ. ಹೇಳಿದ್ದೆಲ್ಲಾ ಕೇಳ್ತೈತಿ."

"ಮತ್ತೇನು ತಪ್ಪೈತ್ರಿ?"

ಗುರುಗಳು ಪೆಟ್ಟಿಗೆಯಿಂದ ತೊಗಲಿನ ಹನುಮಂತನನ್ನು ತೆಗೆದು ಅವಳ ಕೈಗಿತ್ತರು. "ಹಾಡು ನಂದು. ಆಡಿಸೋದು ನಿಂದು."

ಕಡಲು ಹಾರುವ ಪ್ರಸಂಗ. ಗುರುಗಳು ದನಿ ಏರಿಸಿದರು. ಹನುಮಂತ ಹಾರಬೇಕಾದ ಹೊತ್ತಿಗೆ ಅವಳ ಕೈಯಲ್ಲಿ ಕೋಲು ಜಾರಿ, ಅವನು ತೊಪ್ಪೆಂದು ಕೂತುಬಿಟ್ಟ.

ಗುರುಗಳು ತಡವರಿಸಲಿಲ್ಲ. ಅದೇ ರಾಗದಲ್ಲಿ ಹೊಸ ಸಾಲು ಎತ್ತಿದರು. "ಕೂತ್ಯಾಕೋ ಹನುಮಾ, ನೀರು ತಣ್ಣಗೈತೇನೋ?"

ಅಂಬುಜಾ ನಗು ತಡೆಯಲಾರದೆ ಗೊಂಬೆಯ ತಲೆ ಹೌದೆಂದು ಆಡಿಸಿದಳು. ಹಾಡು ತಗ್ಗಿ, ಅವನನ್ನು ರಮಿಸತೊಡಗಿತು.

"ಈಗ ಹೇಳು. ಯಾರ ಮಾತು ಯಾರು ಕೇಳಿದ್ರು?"

ಅವಳು ಗೊಂಬೆಯನ್ನು ಮೆಲ್ಲಗೆ ಕೆಳಗಿಟ್ಟು ಕಂಪ್ಯೂಟರಿನತ್ತ ನಡೆದಳು.

ಹಾಡಿನಿಂದ ಗೊಂಬೆಗೆ ಮಾತ್ರ ದಾರಿ ಹಾಕಿದ್ದಳು. ಗೊಂಬೆಯಿಂದ ಹಾಡಿಗೆ ಹಾಕಿಯೇ ಇರಲಿಲ್ಲ. ನಾಲ್ಕು ದಿನ ಕೂತು ಅದನ್ನೂ ಹಾಕಿದಳು. ಹನುಮಂತನಿಗೆ ಮೈಭಾರ ಕೊಟ್ಟಳು, ದಣಿವು ಕೊಟ್ಟಳು. ಅವನ ಹೆಜ್ಜೆ ಬಿದ್ದಂತೆ ಮದ್ದಳೆ ನುಡಿಯುವ ಹಾಗೆ ಮಾಡಿದಳು.

ಐದನೆಯ ದಿನ ಗುರುಗಳು ಹಾಡಲು ಕೂತರು. ಹನುಮಂತ ಎರಡು ಸಲ ಹಾರಿದ. ಮೂರನೆಯ ಸಲ ಎಷ್ಟು ಕರೆದರೂ ಏಳಲಿಲ್ಲ, ಕೂತಲ್ಲೇ ಕಾಲು ಕುಟ್ಟಿದ. ಮದ್ದಳೆಯೂ ಅವನ ಪಕ್ಷ ಸೇರಿಕೊಂಡಿತು. ಗುರುಗಳ ತಾಳ ತಪ್ಪಿತು.

ಅಂಬುಜಾ ಕಂಪ್ಯೂಟರಿನತ್ತ ಧಾವಿಸಿದಳು. ಗುರುಗಳ ತಾಳ ತಪ್ಪಿದ್ದನ್ನು ಅವಳು ಕಂಡಿದ್ದೇ ಇಲ್ಲ. "ತಪ್ಪಾತ್ರಿ, ಗುರುಗಳೇ. ಈಗಲೇ ಸರಿ ಮಾಡ್ತೀನಿ, ಹೇಳಿದ್ದು ಕೇಳೋ ಹಂಗ."

ಗುರುಗಳು ನಡುಗುವ ಕೈಗಳೆರಡನ್ನೂ ಎತ್ತಿ ಅವಳನ್ನು ತಡೆದರು. ಅವರು ನಗುತ್ತಿದ್ದರು, ಕಣ್ಣು ತುಂಬಿತ್ತು.

"ಮುಟ್ಟಬ್ಯಾಡವ್ವಾ. ನಾ ಗೊಂಬಿ ಆಡಿಸೋ ಕಾಲಕ್ಕ, ಈ ಕೈ ಒಂದು ದಿನಾನೂ ನನ್ನ ಬಾಯಿ ಮಾತು ಕೇಳಿದ್ದಿಲ್ಲ."