ಹಿಂದಿನ ಸೀಟಿನ ಸದ್ದು

ಫಕೀರಪ್ಪ ಮೊದಲ ಸಲ ಎದ್ದು ಹೊರಟದ್ದು ನಾಗರಪಂಚಮಿಯ ಮಾರನೇ ದಿನ. ಆಗ ಏಳನೇ ಇಯತ್ತೆ. ಶಾಲೆಗೆ ಹೋಗಬೇಕಾದ ಕಾಲು ಬಸ್‌ಸ್ಟ್ಯಾಂಡಿಗೆ ಹೋಯಿತು. ಯಾರೂ ಬೈದಿರಲಿಲ್ಲ, ಯಾರೂ ಹೊಡೆದಿರಲಿಲ್ಲ.

ಅಲ್ಲಿಂದ ಗುಂತಕಲ್ಲು, ಕೊಲ್ಹಾಪುರ, ಮಡಗಾಂವ್, ಮತ್ತೆ ಹುಬ್ಬಳ್ಳಿ. ಲಾರಿ ತೊಳೆದ, ಟಯರು ಬಿಚ್ಚಿದ, ಇಂಜಿನ್ನು ಇಳಿಸಿ ಏರಿಸುವುದು ಕಲಿತ. ಒಂದು ಊರಿನಲ್ಲಿ ಎರಡು ದೀಪಾವಳಿ ನೋಡಿದವನಲ್ಲ.

ಮೂವತ್ತಾರನೇ ವಯಸ್ಸಿಗೆ ತುಂಗಭದ್ರೆಯ ದಂಡೆಗೆ ಬಂದ. ಅಲ್ಲಿ ಹುಣಸೇಮರದ ಕೆಳಗೆ ಲಾಡಸಾಬರ ಗ್ಯಾರೇಜಿತ್ತು. ಜನ ಅವರನ್ನು ಉಸ್ತಾದ ಅನ್ನುತ್ತಿದ್ದರು. ಗಾಡಿಯ ಮೈಮೇಲೆ ಕೈಯಿಟ್ಟು ರೋಗ ಹೇಳುತ್ತಾರೆಂಬ ಮಾತು ಕೇಳಿಯೇ ಫಕೀರಪ್ಪ ಬಂದದ್ದು.

ಎಂಟು ತಿಂಗಳಾಯಿತು. ಕಾಲು ಕೇಳಲಿಲ್ಲ.

"ಉಸ್ತಾದ್ರ, ನಾ ಹೊಂಡ್ತೀನ್ರಿ."

"ಎಲ್ಲಿಗಿ?"

"ಗೊತ್ತಿಲ್ರಿ."

"ಭಾಳ ದೂರ ಐತೇನು ಅದು?"

ಅಷ್ಟರಲ್ಲಿ ನಾಗರತ್ನಕ್ಕನ ಗಾಡಿ ಬಂದು ನಿಂತಿತು. ಹದಿನೇಳು ವರ್ಷದ ಹಳೇ ಎಸ್‌ಯುವಿ. ಬಣ್ಣ ಒಂದು ಕಾಲಕ್ಕೆ ಬಿಳಿ ಇದ್ದಿರಬೇಕು.

ಕಿಡ್ನಿ ಕೆಟ್ಟವರನ್ನು ಸೋಮವಾರ, ಗುರುವಾರ ಪ್ಯಾಟಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಲು ಆಕೆ ಓಡಿಸುವ ಗಾಡಿ ಅದು. ಆರು ಮಂದಿ, ನಲವತ್ತೆಂಟು ಕಿಲೋಮೀಟರ್, ನಡುವೆ ಒಂದು ಘಾಟು.

"ಹಿಂದಿಂದ ಸದ್ದು ಬರ್ತೈತ್ರಿ ಉಸ್ತಾದ್ರ," ಅಂದಳು ನಾಗರತ್ನಕ್ಕ. "ಕಿರ್ ಅಂತೈತಿ, ಆಮ್ಯಾಲೆ ಟಕ್. ನಮ್ಮತ್ತಿ ಅಡಕತ್ತರಿ ಹಿಡದಂಗ."

"ನಿಮ್ಮತ್ತಿ ತೀರಿಕೊಂಡ್ರಲ್ಲವಾ?"

"ಅದಕ್ಕ ಅಂಜಿಕಿ."

ಆದರೆ ನಗುವ ಹೊತ್ತಾಗಿರಲಿಲ್ಲ. ಆರು ಮಂದಿಯಲ್ಲಿ ಕಲ್ಲಜ್ಜ ಎಂಬವರು ನಲವತ್ತು ವರ್ಷ ಹೊಳೆಯಲ್ಲಿ ಹರಿಗೋಲು ನಡೆಸಿದವರು. ಸದ್ದು ಕೇಳಿದ ದಿನವೇ ಅರ್ಧ ದಾರಿಯಲ್ಲಿ ಇಳಿದುಬಿಟ್ಟಿದ್ದರು. ಸದ್ದು ಮಾಡುವ ಹರಿಗೋಲಿಗೆ ನಾನು ಯಾರನ್ನೂ ಹತ್ತಿಸಿದವನಲ್ಲ, ನಾನೂ ಹತ್ತುವುದಿಲ್ಲ ಅಂದಿದ್ದರು. ಬೇರೆ ಗಾಡಿಯ ಮಾತೆತ್ತಿದರೆ, ಉಳಿದ ಐವರನ್ನು ಇದರಲ್ಲಿ ಬಿಟ್ಟು ನಾನೊಬ್ಬ ದಾಟಲೇನು ಅನ್ನುತ್ತಿದ್ದರು.

ಉಸ್ತಾದರು ಫಕೀರಪ್ಪನ ಕಡೆ ತಿರುಗಿದರು. "ಈ ಸದ್ದು ಹುಡುಕಿಕೊಟ್ಟು ಹೋಗು."

ಫಕೀರಪ್ಪನಿಗೆ ಖುಷಿಯಾಯಿತು. ಒಂದು ತಾಸಿನ ಕೆಲಸ. ಒಬ್ಬನೇ ಗಾಡಿ ಹತ್ತಿ ಸೇತುವೆಯ ತನಕ ಜೋರಾಗಿ ಓಡಿಸಿದ. ಸದ್ದಿಲ್ಲ. ಜಾಕ್ ಕೊಟ್ಟು ಹಿಂಭಾಗ ಎತ್ತಿದ. ಕೆಳಗೆ ಹೋಗಿ ಅಲ್ಲಾಡಿಸಿದ, ಬೋಲ್ಟು ತಿರುಗಿಸುವ ಪಾನಾದಿಂದ ಬಡಿದ. ಸದ್ದಿಲ್ಲ. ಸಡಿಲ ಕಂಡ ಎರಡು ಬೋಲ್ಟು ಬಿಗಿದು ಕೈ ಒರೆಸಿಕೊಂಡ.

"ಆತ್ರಿ."

ಸೋಮವಾರ ನಾಗರತ್ನಕ್ಕ ಕಲ್ಲಜ್ಜನನ್ನು ಕೈಕಾಲು ಹಿಡಿದು ಹತ್ತಿಸಿದಳು. ಗಾಡಿ ಊರ ಅಗಸಿ ಬಾಗಿಲು ದಾಟುವುದರೊಳಗೆ ಕಿರ್, ಟಕ್. ಅಜ್ಜ ಇಳಿದು ಮನೆಗೆ ಹೋದರು.

ಹಿಂದಿನ ಗುರುವಾರದ್ದೂ ಸೇರಿ ಎರಡು ಸರತಿ ತಪ್ಪಿತು. ಅಜ್ಜನ ಕಾಲು ಬಾತು ಚಪ್ಪಲಿ ಹಿಡಿಸದಂತಾಯಿತು. ಗುರುವಾರವೂ ತಪ್ಪಿದರೆ ಅಜ್ಜ ಉಳಿಯುವುದು ಕಷ್ಟ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಮಂಗಳವಾರ ಮುಂಜಾನೆ ಫಕೀರಪ್ಪ ಮತ್ತೆ ಜಾಕ್ ಕೊಟ್ಟ. ಇಳಿಸಿದ. ಮತ್ತೆ ಎತ್ತಿದ. ಮಧ್ಯಾಹ್ನದ ಹೊತ್ತಿಗೆ ಎಂಟು ಸಲವಾಯಿತು.

ಉಸ್ತಾದರು ಮರದ ಬುಡದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು.

"ಏನಂತೈತಿ?"

"ಮಾತಾಡವಲ್ದ್ರಿ. ಇದು ಗಾಡೀದಲ್ಲ, ಮಂದೀ ಕಿವೀದ್ ರೋಗ."

"ಹಂಗಾರ ಕಲ್ಲಜ್ಜಗ ಹೇಳಿ ಬಾ. ಅಜ್ಜಾ, ನಿನ್ನ ಕಿವಿ ಕೆಟ್ಟೈತಿ ಅಂತ."

ಫಕೀರಪ್ಪ ಪಾನಾ ಬಿಸಾಕಿದ. "ನನಗ ಆಗೋದಿಲ್ರಿ. ನೀವ ನೋಡ್ರಿ."

ಉಸ್ತಾದರು ಕಪ್ಪು ಕೆಳಗಿಟ್ಟರು. ಎದುರಿನ ಚಹಾದಂಗಡಿಯ ಕಡೆ ಕೈ ಬೀಸಿದರು.

"ಆರು ಮಂದಿ ಬರ್ರಿ. ದಪ್ಪ ಇದ್ದಾವ್ರು ಮೊದಲು ಬರ್ರಿ."

ಆರು ಮಂದಿ ನಗುತ್ತ ಬಂದರು. ಉಸ್ತಾದರು ಜಾಕ್ ತೆಗೆಸಿ, ಅವರನ್ನೆಲ್ಲ ಹಿಂದಿನ ಸೀಟುಗಳಲ್ಲಿ ಕೂಡಿಸಿದರು. ಗಾಡಿ ನಿಟ್ಟುಸಿರು ಬಿಟ್ಟು ಕುಸಿಯಿತು. ಆಮೇಲೆ ನೆಲದ ಮೇಲೆ ಗೋಣಿಚೀಲ ಹಾಸಿದರು.

"ಈಗ ಕೆಳಗ ಹೋಗು."

"ಜಾಕ್ ಇಲ್ರಿ. ಮ್ಯಾಲೆ ಆರು ಮಂದಿ ಅದಾರ."

"ಅದಕ್ಕ ಹೋಗು ಅಂದೆ."

ಫಕೀರಪ್ಪ ಅಂಗಾತ ಮಲಗಿ ಒಳಗೆ ಸರಿದ. ಮೂಗಿಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು. ಎಣ್ಣೆ, ಧೂಳು, ಮೇಲೆ ಆರು ಜನರ ಭಾರ.

"ಏನೂ ಇಲ್ರಿ. ಹೊರಗ ಬರ್ತೀನಿ."

"ಇರು."

"ಉಸುರು ಕಟ್ಟಾಕತ್ತೈತ್ರಿ."

"ಮ್ಯಾಲೆ ಕುಂತಾವರಿಗೂ ಕಟ್ಟೈತಿ. ಇರು."

ಮೇಲಿನಿಂದ ಒಬ್ಬ ಕೂಗಿದ: "ಉಸ್ತಾದ್ರ, ನನ್ನ ತೊಡೀ ಮ್ಯಾಲೆ ಕುಂತಾವ ಯಾರದಾನೋ ಕೇಳ್ರಿ, ಸಂಬಂಧ ಮಾಡಿಬಿಡೂಣು."

ನಗುವಿನಿಂದ ಗಾಡಿ ಅಲುಗಿತು. ಆಗ ಫಕೀರಪ್ಪನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಕಿರ್. ಟಕ್.

ಹಿಂಗಾಲಿಯ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು. ಅದರಲ್ಲಿ ಎಲ್ಲಕ್ಕಿಂತ ಉದ್ದದ ಪಟ್ಟಿಯಲ್ಲಿ, ಬಿಗಿಹಿಡಿಯುವ ಬೋಲ್ಟಿನ ಸಂದಿಗೆ, ಒಂದು ಸೀಳು. ಭಾರಕ್ಕೆ ಬಾಯಿ ಬಿಡುತ್ತಿತ್ತು, ಮುಚ್ಚುತ್ತಿತ್ತು. ಉಗುರು ಹಿಡಿಸುವಷ್ಟು.

ಅವನು ಹೊರಗೆ ಬಂದಾಗ ಮೈಯೆಲ್ಲ ಬೆವರು.

"ಘಾಟಿನ್ಯಾಗ ಮುರಿದಿದ್ರ ಆರೂ ಮಂದಿ..." ಬಿಸಾಕಿದ್ದ ಪಾನಾ ಎತ್ತಿಕೊಂಡ. "ಎಂಟು ಸಲ ನೋಡಿದೆನ್ರಿ ಇದನ್ನ. ಯಾಕ ಕಾಣಲಿಲ್ಲ?"

"ಎಂಟು ಸಲ ಎತ್ತಿದಿ. ಭಾರ ಇಳಿಸಿ ಕೇಳಿದ್ರ ಅದು ಆರಾಮ ಅದೀನಿ ಅಂತೈತಿ."

ಬುಧವಾರ ಪ್ಯಾಟಿಯಿಂದ ಹೊಸ ಪಟ್ಟಿ ಬಂತು. ಇಬ್ಬರೂ ಕೂಡಿ ಹಾಕಿದರು.

ಗುರುವಾರ ಮುಂಜಾನೆ ಐವರು ಹತ್ತಿ ಕುಳಿತರು. ಕಲ್ಲಜ್ಜ ಬಾತ ಕಾಲು ಎಳೆಯುತ್ತ ಬಂದು ಗಾಡಿಯ ಪಕ್ಕ ನಿಂತರು. ಹತ್ತಲಿಲ್ಲ.

"ಯಾರು ರಿಪೇರಿ ಮಾಡಿದಾವ?"

"ನಾನ ಅಜ್ಜಾರ," ಅಂದ ಫಕೀರಪ್ಪ.

"ನೀ ಮೊದಲು ಹತ್ತು."

"ನನಗ್ಯಾಕ್ರಿ? ನನಗೇನೂ ಆಗಿಲ್ಲ."

"ತೂತು ಮುಚ್ಚಿದಾವ ಮೊದಲ ಸಾರಿ ಹರಿಗೋಲಿನ್ಯಾಗ ಕೂಡಬೇಕು. ಹೊಳಿ ದಾಟಿ, ತಿರುಗಿ ಬರಬೇಕು. ನಮ್ಮ ಮಂದೀ ಪದ್ಧತಿ. ನೀ ಕೂಡದಿದ್ರ ನಾ ಕೂಡಂಗಿಲ್ಲ."

ಫಕೀರಪ್ಪ ಉಸ್ತಾದರನ್ನು ನೋಡಿದ. ಉಸ್ತಾದರು ಹೊಳೆ ನೋಡುತ್ತಿದ್ದರು.

ಅವನು ಹತ್ತಿದ. ಹಿಂದಿನ ಸೀಟಿನ ಮೂಲೆ. ಅಜ್ಜ ಹತ್ತಿ ಅವನ ಪಕ್ಕ ಕುಳಿತರು.

ಹೋಗುವಾಗ ಎರಡು ತಾಸು. ಆಸ್ಪತ್ರೆಯಲ್ಲಿ ಐದು ತಾಸು. ಬರುವಾಗ ಎರಡು ತಾಸು. ಗಾಡಿ ಪಿಟ್ಟೆನ್ನಲಿಲ್ಲ. ಮರಳುವಾಗ ಘಾಟಿನಲ್ಲಿ ಕಲ್ಲಜ್ಜ ಅವನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋದರು. ಹಗುರ ಮನುಷ್ಯ ಅನ್ನಿಸಿತ್ತು. ನಿದ್ದೆಯಲ್ಲಿ ಕಲ್ಲಿನಷ್ಟು ಭಾರವಾದರು. ಫಕೀರಪ್ಪ ಹೆಗಲು ಕದಲಿಸಲಿಲ್ಲ.

ಗ್ಯಾರೇಜಿನ ಮುಂದೆ ಗಾಡಿ ನಿಂತ ಕೂಡಲೇ ಹಾರಿ ಇಳಿದ.

"ಸದ್ದು ಬಂತೇನು?" ಕೇಳಿದರು ಉಸ್ತಾದರು.

"ಗಾಡೀದು ಬರಲಿಲ್ರಿ."

"ಮತ್ತ ಯಾರದು ಬಂತು?"

ಫಕೀರಪ್ಪ ಹೆಗಲು ಮುಟ್ಟಿಕೊಂಡ. "ಅಜ್ಜ ಮ್ಯಾಲೆ ಒರಗಿದಾಗ ನನ್ನೊಳಗ ಏನೋ ಕಿತ್ತಕೊಂಡಂಗ ಆತ್ರಿ. ಬಾಗಲಾ ತಗದು ಜಿಗೀಬೇಕು ಅನ್ನಿಸ್ತು."

"ಎಲ್ಲಿ ಕಿತ್ತೈತಿ ಅಂತ ತಿಳೀತೇನು?"

"ಇನ್ನೇನು ತಿಳೀಬೇಕು ಅನ್ನೂದರಾಗ ಊರು ಬಂತು. ಇಳದ್ನಿ."

ಉಸ್ತಾದರು ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಫಕೀರಪ್ಪ ಚಪ್ಪರದ ಮೊಳೆಯಿಂದ ಅಂಗಿ ಇಳಿಸಿದ. ಒಂದು ಅಂಗಿ, ಒಂದು ಪಂಜೆ, ಒಂದು ಟವೆಲು. ಮಡಚಿ ಚೀಲಕ್ಕೆ ಹಾಕಿದ. ಹಾಸಿಗೆ ಸುತ್ತಿ ಮೂಲೆಗಿಟ್ಟ. ಚೀಲದ ಬಾಯಿ ಬಿಗಿಯುವಾಗ ಉಸ್ತಾದರು ಬಂದು ನಿಂತರು.

"ಕೆಲಸ ಮುಗೀತ್ರಿ ಉಸ್ತಾದ್ರ. ನೀವು ಹುಡುಕಿಕೊಡು ಅಂದಿದ್ದು ಹುಡುಕಿಕೊಟ್ಟೆ."

"ಹೌದಪಾ."

"ಹೋಗಬ್ಯಾಡ ಅನ್ನಂಗಿಲ್ಲೇನ್ರಿ?"

ಉಸ್ತಾದರು ಬಗ್ಗಿ ಚೀಲ ಎತ್ತಿ, ಕೈಯಲ್ಲಿ ತೂಗಿ ನೋಡಿ, ಅವನ ಹೆಗಲಿಗೆ ತಾವೇ ಹಾಕಿದರು.

"ಭಾಳ ಹಗುರ ಐತೋ ತಮ್ಮಾ. ಇಷ್ಟನ್ನ ಹೊತಗೊಂಡು ನಡದ್ರ ನಿನ್ನೊಳಗಿನ ಸದ್ದು ನಿನಗ ಕೇಳ್ಸಂಗಿಲ್ಲ."