ಓಟದ ಹಲ್ಲು

"ಗುರುಗಳೇ, ಒಳ್ಳೆಯದಕ್ಕೆಂದೇ ಆರಿಸಿಕೊಂಡ ದಾರಿಯಿಂದ ಇನ್ನೊಬ್ಬರಿಗೆ ಕೇಡಾದರೆ, ಆ ಪಾಪ ಆರಿಸಿಕೊಂಡವನಿಗೆ ತಟ್ಟುತ್ತದೆಯೇ?"

ಕೇಳಿದವನು ಸಿದ್ಧವೀರ. ಮರುದಿನ ಅವನಿಗೆ ಸನ್ಯಾಸ ದೀಕ್ಷೆಯಾಗುವುದಿತ್ತು. ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಬಂದಿದ್ದ. ತಾನು ಹಿಡಿದದ್ದು ದೊಡ್ಡ ದಾರಿ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೂ ಕೆಲವು ದಿನಗಳಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಕೂತುಕೋ ಎಂದು ಕೈಸನ್ನೆ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಗಾಡಿಯವನಿದ್ದ. ಹೆಸರು ಓಬಳೇಶ. ಅವನ ಬಳಿ ಒಂದು ಪಿಕಪ್ ಇತ್ತು, ಅದರ ಹಿಂದೆ ಕಟ್ಟುವ ಒಂದು ಟ್ರೇಲರ್ ಇತ್ತು. ಬೆಟ್ಟದ ಮೇಲಿನ ಕ್ವಾರಿಯಿಂದ ಚಪ್ಪಡಿ ಕಲ್ಲು ತುಂಬಿಕೊಂಡು ಘಾಟಿ ಇಳಿಯುತ್ತಿದ್ದ. ಕೆಳಗೆ ಉದ್ದದ ಬಯಲು ದಾಟಿದರೆ ರೈಲ್ವೆ ಯಾರ್ಡು. ಅಲ್ಲಿ ಕಲ್ಲು ಇಳಿಸಿ ಖಾಲಿ ಗಾಡಿಯಲ್ಲಿ ಮರಳುತ್ತಿದ್ದ.

ಅವನ ಜೊತೆ ಪೆನ್ನಪ್ಪ ಎಂಬುವನು ಇರುತ್ತಿದ್ದ. ಕಲ್ಲು ಹೇರುವವನು, ಇಳಿಸುವವನು. ಇಬ್ಬರೂ ಒಂದೇ ಓರಗೆಯವರು. ಓಬಳೇಶ ಸ್ಟಿಯರಿಂಗ್ ಹಿಡಿದರೆ ಪೆನ್ನಪ್ಪ ಎಡಗಡೆ ಕೂರುತ್ತಿದ್ದ. ಮಾತು ಕಡಿಮೆ. ಒಬ್ಬ ಎಲೆಗೆ ಸುಣ್ಣ ಹಚ್ಚಿದರೆ ಇನ್ನೊಬ್ಬನಿಗೂ ಹಚ್ಚಿಕೊಡುತ್ತಿದ್ದ. ಅಷ್ಟೇ ಅವರ ಸ್ನೇಹ. ಅಷ್ಟು ಸಾಕಾಗಿತ್ತು.

ಓಬಳೇಶನ ಹೆಂಡತಿ ತಿಪ್ಪಮ್ಮ. ಒಂದು ಜ್ವರ ಬಂದು ಹೋದ ಮೇಲೆ ಅವಳ ಎರಡು ಕಾಲೂ ಸ್ವಾಧೀನ ತಪ್ಪಿದವು. ಆಮೇಲೆ ಕೈಗಳ ಬಲವೂ ಕುಂದಿತು. ಹಗಲೆಲ್ಲ ಪಕ್ಕದ ಮನೆಯಾಕೆ ಬಂದು ನೋಡಿಕೊಳ್ಳುತ್ತಿದ್ದಳು. ಹೊತ್ತು ಮುಳುಗಿದರೆ ಆಕೆಗೂ ತನ್ನ ಮನೆಯ ಒಲೆ ಹಚ್ಚಬೇಕು. ಆಕೆ ಹೋದ ಮೇಲೆ ಓಬಳೇಶ ಬರುವತನಕ ತಿಪ್ಪಮ್ಮ ಒಬ್ಬಳೇ. ನೀರಿನ ಚೊಂಬು ಕೈಗೆ ಸಿಗುವಂತೆಯೇ ಇಟ್ಟಿರುತ್ತಿದ್ದರು. ಕೈ ನಡುಗಿ ಅದು ಉರುಳಿದರೆ ಮುಗಿಯಿತು, ಒದ್ದೆ ಚಾಪೆಯ ಮೇಲೆ ಬಾಯಾರಿಕೊಂಡು ಮಲಗಿರಬೇಕು. ಎಷ್ಟೋ ಸಲ ಓಬಳೇಶ ಮನೆಗೆ ಬಂದಾಗ ಅವಳು ಹಾಗೆ ಮಲಗಿರುತ್ತಿದ್ದಳು. ದೂರುತ್ತಿರಲಿಲ್ಲ. ದೂರಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಪಿಕಪ್ಪಿನ ಹಿಂದಿನ ಅಚ್ಚಿನೊಳಗೆ ಹಲ್ಲು ಮುರಿಯಿತು. ಗಾಡಿಯನ್ನು ಎಳೆಸಿಕೊಂಡು ಮೇಸ್ತ್ರಿಯ ಶೆಡ್ಡಿಗೆ ತಂದರು. ಅಚ್ಚಿನೊಳಗೆ ಒಂದಕ್ಕೊಂದು ಕಚ್ಚಿಕೊಂಡಿರುವ ಎರಡು ಹಲ್ಲಿನ ಚಕ್ರಗಳಿರುತ್ತವೆ, ಒಂದು ಚಿಕ್ಕದು, ಒಂದು ದೊಡ್ಡದು. ಎಂಜಿನ್ನಿನ ಬಲ ಗಾಲಿಗೆ ತಲುಪುವುದು ಅವುಗಳ ಮೂಲಕವೇ. ದೊಡ್ಡದು ಒಮ್ಮೆ ತಿರುಗಲು ಚಿಕ್ಕದು ಹೆಚ್ಚು ಸುತ್ತು ಸುತ್ತಬೇಕಾದರೆ ಗಾಡಿಗೆ ಬಲ ಹೆಚ್ಚು, ಓಟ ಕಡಿಮೆ. ಕಡಿಮೆ ಸುತ್ತು ಸಾಕಾದರೆ ಓಟ ಹೆಚ್ಚು, ಬಲ ಕಡಿಮೆ. ಎರಡೂ ಬೇಕೆಂದರೆ ಒಂದು ಅಚ್ಚಿನಲ್ಲಿ ಸಿಗುವುದಿಲ್ಲ.

ಮೇಸ್ತ್ರಿಯ ಬಳಿ ಎರಡು ಜೋಡಿ ಇದ್ದವು. ಒಂದು ಗಾಡಿಯಲ್ಲಿ ಮೊದಲಿದ್ದಂಥದೇ, ಭಾರ ಎಳೆಯುವ ಜೋಡಿ. ಇನ್ನೊಂದು ಓಟದ ಜೋಡಿ.

"ಯಾವುದು ಹಾಕಲಿ?" ಎಂದು ಮೇಸ್ತ್ರಿ ಕೇಳಿದ.

ಓಬಳೇಶ ಯೋಚಿಸಿದ. ಹಳೆಯ ಹಲ್ಲಿನಲ್ಲಿ ಖಾಲಿ ಗಾಡಿಯೂ ಬಯಲಿನಲ್ಲಿ ಅರಚಿಕೊಳ್ಳುತ್ತಿತ್ತೇ ಹೊರತು ಓಡುತ್ತಿರಲಿಲ್ಲ. ಮನೆ ತಲುಪುವಷ್ಟರಲ್ಲಿ ಕತ್ತಲಾಗುತ್ತಿತ್ತು. ಓಟದ ಹಲ್ಲು ಹಾಕಿಸಿದರೆ ಪಕ್ಕದ ಮನೆಯಾಕೆ ಹೊರಡುವ ಮೊದಲೇ ಮನೆ ಸೇರಬಹುದು. ಇನ್ನು ಭಾರದ ಮಾತು. ಕಲ್ಲು ತುಂಬಿದಾಗ ತಾನು ಹತ್ತುವುದೇ ಇಲ್ಲ, ಇಳಿಯುವುದು. ಇಳಿಯುವ ಭಾರವನ್ನು ಯಾರು ಎಳೆಯಬೇಕು? ಅದು ತಾನಾಗಿಯೇ ಹೋಗುತ್ತದೆ.

"ಓಟದ್ದೇ ಹಾಕಣ್ಣ," ಎಂದ.

ಮೇಸ್ತ್ರಿ ಪಾನಾ ಕೈಗೆತ್ತಿಕೊಂಡ. "ಇಳಿಜಾರಲ್ಲಿ ಎಂಜಿನ್ ಗಾಡೀನ ಅಷ್ಟಾಗಿ ತಡೆದು ಹಿಡಿಯಲ್ಲ. ಬ್ರೇಕಿನ ಮೇಲೇ ಇಳಿಸಬೇಕಾಗುತ್ತೆ."

"ಬ್ರೇಕ್ ಮೊನ್ನೆ ತಾನೇ ಮಾಡ್ಸಿದ್ದೀನಿ."

ಮೇಸ್ತ್ರಿ ಓಟದ ಜೋಡಿ ಎತ್ತಿಕೊಂಡ. ಗಾಡಿ ಅವನದಲ್ಲ.

ಈ ಮಾತು ನಡೆಯುವಾಗ ಪೆನ್ನಪ್ಪ ಶೆಡ್ಡಿನ ಹೊರಗೆ ಬೇಲಿಯ ನೆರಳಿನಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಓಬಳೇಶ ಅವನನ್ನು ಎಬ್ಬಿಸಿದ. ಇಬ್ಬರೂ ಹೊರಟರು.

ಅಲ್ಲಿಂದ ಮುಂದೆ ಕೆಲವು ತಿಂಗಳು ಓಬಳೇಶ ಸುಖವಾಗಿದ್ದ. ಬಯಲಿನಲ್ಲಿ ಗಾಡಿ ಗಾಳಿಯಂತೆ ಓಡಿತು. ಬಿಸಿಲಿರುವಾಗಲೇ ಮನೆಯಂಗಳದಲ್ಲಿ ಗಾಡಿ ನಿಲ್ಲುತ್ತಿತ್ತು. ತಿಪ್ಪಮ್ಮನನ್ನು ಎತ್ತಿಕೊಂಡು ಬಂದು ಹೊರಗಿನ ಜಗುಲಿಯಲ್ಲಿ ಒರಗಿಸಿ ಕೂರಿಸುತ್ತಿದ್ದ. ಅವಳು ದಾರಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದಳು. ಅವಳ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಇಳಿಜಾರಿನಲ್ಲಿ ಮಾತ್ರ ಓಬಳೇಶ ಕಾಲು ಬ್ರೇಕಿನಿಂದ ತೆಗೆಯುವ ಹಾಗಿರಲಿಲ್ಲ. ಘಾಟಿ ಮುಗಿಯುವ ಹೊತ್ತಿಗೆ ಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಬಯಲಿಗೆ ಬಂದು ಗಾಳಿ ಬೀಸಿದರೆ ವಾಸನೆ ಹೋಗುತ್ತಿತ್ತು. ಪೆನ್ನಪ್ಪನ ಮೂಗಿಗೂ ಅದು ಬಡಿದಿರಬೇಕು. ಅವನು ಕೇಳಲಿಲ್ಲ. ಇವನು ಹೇಳಲಿಲ್ಲ.

ಒಂದು ಬೆಳಿಗ್ಗೆ ಯಾರ್ಡಿನಿಂದ ಹೆಚ್ಚು ಕಲ್ಲು ಬೇಕೆಂದು ಹೇಳಿಕಳಿಸಿದ್ದರು. ಟ್ರೇಲರಿಗೆ ಇನ್ನೂ ಒಂದು ಸಾಲು ಚಪ್ಪಡಿ ಏರಿತು. ಘಾಟಿಯ ಮೊದಲ ತಿರುವಿನಲ್ಲೇ ಕುರಿಮಂದೆ ಅಡ್ಡ ಬಂತು. ಓಬಳೇಶ ಬ್ರೇಕನ್ನು ಒತ್ತಿ ಹಿಡಿದೇ ಅದರ ಹಿಂದೆ ತೆವಳಿದ. ಮಂದೆ ಪಕ್ಕಕ್ಕೆ ಸರಿದಾಗ ಬ್ರೇಕು ಆಗಲೇ ಕಾದು ಕೆಂಡವಾಗಿತ್ತು. ಮುಂದಿನ ಇಳಿಜಾರು ಕಡಿದಾದದ್ದು. ಒತ್ತಿದ, ಬ್ರೇಕು ಹಿಡಿಯಲಿಲ್ಲ. ಮತ್ತೆ ಒತ್ತಿದ, ಪೆಡಲ್ ಮೆತ್ತಗೆ ಕೆಳಗಿನವರೆಗೂ ಹೋಯಿತು. ಗೇರು ಇಳಿಸಲು ನೋಡಿದ, ಗೇರು ಕೂರಲಿಲ್ಲ. ಹಿಂದಿನಿಂದ ಟ್ರೇಲರ್ ತಳ್ಳುತ್ತಿತ್ತು. ಹ್ಯಾಂಡ್ ಬ್ರೇಕ್ ಎಳೆದ. ಅದೂ ಜಾರಿತು.

ಬಲಕ್ಕೆ ಪ್ರಪಾತ, ಎಡಕ್ಕೆ ಕಡಿದ ಬಂಡೆಯ ಗುಡ್ಡ. ಮುಂದೆ ತಿರುವು. ಆ ವೇಗದಲ್ಲಿ ಆ ತಿರುವು ದಾಟುವುದು ಸಾಧ್ಯವಿರಲಿಲ್ಲ.

"ಗುಡ್ಡಕ್ಕೆ ಕೊಡು!" ಎಂದು ಪೆನ್ನಪ್ಪ ಕೂಗಿದ.

ಓಬಳೇಶ ಎಡಕ್ಕೆ ತಿರುಗಿಸಿದ. ಗಾಡಿ ಗುಡ್ಡವನ್ನು ಉಜ್ಜಿಕೊಂಡು ಹೋಗಿ ನಿಂತಿತು. ನಿಂತ ರಭಸಕ್ಕೆ ಚಪ್ಪಡಿಗಳು ಮುಂದಕ್ಕೆ ಜಾರಿ ಬಂದವು. ಓಬಳೇಶನ ಹಣೆ ಒಡೆದಿತ್ತು, ಒಂದು ಕೈ ಮುರಿದಿತ್ತು. ಎಡಗಡೆ ಸೀಟೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಕುರಿಯವರು ಓಡಿಬಂದು ಕಲ್ಲು ಸರಿಸಿದರು. ಪೆನ್ನಪ್ಪ ಆಗಲೇ ಹೋಗಿಬಿಟ್ಟಿದ್ದ.

ಗುಡ್ಡಕ್ಕೆ ಕೊಡು ಎಂದು ಕೂಗುವಾಗ ತಾನು ಕೂತದ್ದು ಯಾವ ಕಡೆ ಎಂದು ಅವನಿಗೆ ನೆನಪಿತ್ತೋ ಇಲ್ಲವೋ, ಹೇಳಲು ಯಾರೂ ಇಲ್ಲ. ಓಬಳೇಶ ಎಷ್ಟೋ ರೀತಿಯಲ್ಲಿ ಯೋಚಿಸಿ ನೋಡಿದ. ನೆನಪಿತ್ತು ಎಂದುಕೊಂಡರೆ ಸಹಿಸಲಾಗುತ್ತಿರಲಿಲ್ಲ. ಇರಲಿಲ್ಲ ಎಂದುಕೊಂಡರೂ ಸಹಿಸಲಾಗುತ್ತಿರಲಿಲ್ಲ.

ಕೈಗೆ ಕಟ್ಟು ಹಾಕಿಸಿಕೊಂಡವನು ಪೆನ್ನಪ್ಪನ ಮನೆಗೆ ಹೋದ. ಪೆನ್ನಪ್ಪನ ಹೆಂಡತಿ ಸಾಕಮ್ಮ ಬಾಗಿಲಲ್ಲಿ ಕೂತಿದ್ದಳು. ಬೈದರೆ ಬೈಯಲಿ, ಮಣ್ಣು ತೂರಿದರೆ ತೂರಲಿ ಎಂದು ಅವನು ಅವಳೆದುರು ನಿಂತ. ನಡೆದದ್ದನ್ನೆಲ್ಲ ಹೇಳಿದ. ಹಲ್ಲು ಬದಲಾಯಿಸಿದ್ದು, ಏಕೆ ಬದಲಾಯಿಸಿದ್ದು, ಸುಟ್ಟ ವಾಸನೆ, ಎಲ್ಲವನ್ನೂ.

ಸಾಕಮ್ಮ ಹೇಳಿದಳು: "ಈಚೆಗೆ ಅವನೂ ಬೇಗ ಬರ್ತಿದ್ದ. ಏನೋ ಅದೃಷ್ಟ ಅಂದ್ಕೊಂಡಿದ್ದೆ."

ಆಮೇಲೆ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಓಬಳೇಶ ಬಿಸಿಲು ಏರುವತನಕ ಆ ಬಾಗಿಲಲ್ಲಿ ನಿಂತಿದ್ದು ಮನೆಗೆ ಬಂದ.

ತಿಪ್ಪಮ್ಮನಿಗೆ ಅಪಘಾತದ ಸುದ್ದಿ ಗೊತ್ತಿತ್ತು, ಹಲ್ಲಿನ ಸುದ್ದಿ ಗೊತ್ತಿರಲಿಲ್ಲ. ಗಾಡಿ ಬೇಗ ಬರುತ್ತಿದ್ದುದು ಏಕೆಂದು ಅವಳು ಕೇಳಿರಲೂ ಇಲ್ಲ. ಅವಳಿಗೂ ಎಲ್ಲವನ್ನೂ ಹೇಳಿದ. ಮನಸ್ಸು ಹಗುರಾಗಲೆಂದು ಹೇಳಿದನೋ, ಅವಳು ತನ್ನ ಪರವಾಗಿ ಒಂದು ಮಾತು ಆಡಲೆಂದು ಹೇಳಿದನೋ, ಅವನಿಗೇ ತಿಳಿಯದು. ಕೊನೆಗೆ, "ನಿನಗೋಸ್ಕರ ಮಾಡಿದೆ ಕಣೇ," ಎಂದ.

ತಿಪ್ಪಮ್ಮ ಅವನ ಮುಖ ನೋಡಿದಳು. "ಹಂಗನ್ನಬೇಡ. ನನ್ನ ಹತ್ರಾನೂ ಅನ್ನಬೇಡ, ಇನ್ನೊಬ್ಬರ ಹತ್ರಾನೂ ಅನ್ನಬೇಡ. ಬೇಗ ಬಾ ಅಂತ ನಾನು ಯಾವತ್ತು ಕೇಳಿದ್ದೆ?"

ಓಬಳೇಶ ನೆನಪು ಮಾಡಿಕೊಂಡ. ಅವಳು ಕೇಳಿರಲಿಲ್ಲ, ನಿಜ.

ಜಖಂ ಆದ ಪಿಕಪ್ಪನ್ನು ಗುಜರಿಯವರು ಒಯ್ದರು. ಕೈ ಕೂಡಿತು, ಆದರೆ ಓಬಳೇಶ ಮತ್ತೆ ಗಾಡಿ ಹತ್ತಲಿಲ್ಲ. ಹಳ್ಳಿಯಲ್ಲೇ ಸಿಕ್ಕಿದ ಕೂಲಿ ಮಾಡಿಕೊಂಡು ಮನೆಯ ಹತ್ತಿರವೇ ಇದ್ದ. ಈಗ ತಿಪ್ಪಮ್ಮ ಒಬ್ಬಳೇ ಇರುವ ಹೊತ್ತೇ ಇರಲಿಲ್ಲ. ಅವನು ಚೊಂಬಿನಲ್ಲಿ ನೀರು ತುಂಬಿಕೊಂಡು ಅವಳ ಚಾಪೆಯ ಪಕ್ಕ ಕೂರುತ್ತಿದ್ದ. ಅವಳು ಅವನಿಂದ ನೀರು ಕೇಳುತ್ತಿರಲಿಲ್ಲ. ಬಾಯಿ ಒಣಗಿದರೂ ಪಕ್ಕದ ಮನೆಯಾಕೆ ಬರುವತನಕ ಕಾಯುತ್ತಿದ್ದಳು. ಅವನಾಗಿಯೇ ಕೊಟ್ಟರೆ ಕುಡಿಯುತ್ತಿದ್ದಳು, ಬೇಡವೆನ್ನುತ್ತಿರಲಿಲ್ಲ. ಕೋಪ ಮಾಡಿಕೊಂಡಿದ್ದಾಳೆ ಎಂದು ಹೇಳಲೂ ಆಗುತ್ತಿರಲಿಲ್ಲ. ಆದರೆ ಕೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ಹಾಗೆಯೇ ಅವರು ಬಹಳ ವರ್ಷ ಬದುಕಿದರು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಸಿದ್ಧವೀರ ಕಾದ. ಕತೆ ಮುಂದುವರಿಯಲಿಲ್ಲ. ಅವನು ತಲೆಯೆತ್ತಿ ಕೇಳಿದ: "ಆ ಗಾಡಿಯವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವಲ್ಲ, ಗುರುಗಳೇ. ಹಾಗಾದರೆ ಪಾಪ ಯಾರಿಗೆ?"

ಗುರುಗಳು ಹೇಳಿದರು: "ಓಬಳೇಶ ಯಾರನ್ನು ಕೇಳಬೇಕಿತ್ತೋ ಅವನು ಆ ಘಾಟಿಯಲ್ಲಿ ಸತ್ತ, ನೀನು ಯಾರನ್ನು ಕೇಳಬೇಕೋ ಅವಳು ನಿನ್ನ ಮನೆಯಲ್ಲಿ ಇನ್ನೂ ಬದುಕಿದ್ದಾಳೆ."