ಪುಟ್ಟ ರಣಬಂಡಿಗೆ ಪಟ್ಟಿ

“ಕೇಳಿರಪ್ಪಾ ಕೇಳಿ! ರಾಜಕುಮಾರಿ ಹೊನ್ನಾಂಬೆಯವರು ಮಾಡಿದ ಪುಟ್ಟ ರಣಬಂಡಿಗೆ ತಕ್ಕ ಪಟ್ಟಿ ತಂದು, ಅವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಯ ದಿನ ಹೋಗುತ್ತದೆ. ಇದು ಭೈರವರಾಯರ ಆಜ್ಞೆ!”

ಡಂಗುರ ಕೇಳಿ ಕರಿಗಲ್ಲು ಪಟ್ಟಣವೇ ಗುಸುಗುಸು ಶುರು ಮಾಡಿತು. ಯುದ್ಧದಲ್ಲಿ ತೀರಿಹೋದ ಯುವರಾಜನ ರಣಬಂಡಿಯನ್ನು ತಂಗಿ ಹೊನ್ನಾಂಬೆ ಮೂವತ್ತೈದರಲ್ಲೊಂದು ಪಾಲಿಗೆ ಇಳಿಸಿ, ಅಂಗೈ ಮೇಲೆ ಕೂರುವಂತೆ ಮಾಡಿದ್ದಳು. ಕಬ್ಬಿಣದ ಹೊದಿಕೆ, ತೋಪು, ಗಾಲಿ ಎಲ್ಲ ಸರಿಯಿತ್ತು. ಗಾಲಿಗಳ ಸುತ್ತ ತಿರುಗುವ ಪಟ್ಟಿಯೊಂದೇ ಹೊಂದಲಿಲ್ಲ. ತೊಗಲಿನದು ಹಾಕಿದಳು, ಅದು ಮದ್ದಳೆಯ ಹಾಗೆ ಬಿಗಿದು ನಿಂತಿತು. ಕಿತ್ತೆಸೆದಳು. ಅಂದಿನಿಂದ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮಗಳ ಚಡಪಡಿಕೆ ನೋಡಲಾರದೆ ರಾಜ ಡಂಗುರ ಹೊಡೆಸಿದ. ತಲೆ ತೆಗೆಯುವ ಮಾತು ಮಾತ್ರ ಅವನದೇ. ಅದಿಲ್ಲದೆ ರಾಜರಿಗೆ ಆಜ್ಞೆ ಸಪ್ಪೆ ಅನ್ನಿಸುತ್ತದೇನೋ!

ಅದೇ ಅಮಾವಾಸ್ಯೆಗೆ ಇನ್ನೊಂದು ತಲೆಯೂ ಹೋಗುವುದಿತ್ತು. ಯುವರಾಜನ ಬಂಡಿಯ ಪಟ್ಟಿ ನೋಡಿಕೊಳ್ಳುತ್ತಿದ್ದ ಗಿರಿಯಪ್ಪನದು. ಅವನು ಪಟ್ಟಿ ಸಡಿಲ ಬಿಟ್ಟದ್ದರಿಂದಲೇ ಅದು ರಣರಂಗದಲ್ಲಿ ಕಳಚಿ, ಬಂಡಿ ನಿಂತು, ಮಗ ಸತ್ತನೆಂದು ರಾಜನ ತೀರ್ಮಾನ. ಗಿರಿಯಪ್ಪ ತುಟಿ ಬಿಚ್ಚಲಿಲ್ಲ. ಅವನ ಮಗ ತಿಪ್ಪಯ್ಯ, ಪಟ್ಟಿಗೆ ಮೆತ್ತಿದ ಕೆಸರು ಕೆರೆಯುವ ಆಳು, ಅಪ್ಪನನ್ನು ಬಿಡಿಸುವ ದಾರಿ ಕಾಣದೆ ಸೆರೆಮನೆಯ ಸುತ್ತ ತಿರುಗುತ್ತಿದ್ದ. ಡಂಗುರ ಕೇಳಿದ್ದೇ ಮನೆಗೆ ಓಡಿದ.

ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ಚಿನ್ನದ ವ್ಯಾಪಾರಿಯ ಮಗ ಥಳಥಳಿಸುವ ಚಿನ್ನದ ಪಟ್ಟಿ ಹಿಡಿದು ಆಸ್ಥಾನಕ್ಕೆ ಬಂದ.

ಹೊನ್ನಾಂಬೆ ಅತ್ತಿಂದಿತ್ತ ನಡೆಯುತ್ತಲೇ ಕೇಳಿದಳು: “ತನ್ನ ದಾರಿಯನ್ನು ತಾನೇ ಹೊತ್ತು ತಿರುಗುತ್ತದೆ. ಮುಂದೆ ಹಾಸುತ್ತದೆ, ಹಿಂದೆ ಎತ್ತಿಕೊಳ್ಳುತ್ತದೆ. ಯಾವುದದು?”

“ಬಸವನಹುಳು!”

“ಅದು ಹಾಸಿದ್ದನ್ನು ಬಿಟ್ಟು ಹೋಗುತ್ತದೆ, ಎತ್ತಿಕೊಳ್ಳುವುದಿಲ್ಲ.”

ಭಟರು ಅವನನ್ನು ಎಳೆದೊಯ್ದರು. ದಂಡನಾಯಕನ ಮಗ ಬೆಳ್ಳಿಯ ಪಟ್ಟಿ ತಂದಿದ್ದ. ಮೊದಲನೆಯದಕ್ಕೆ “ಪಟ್ಟಿಯ ರಣಬಂಡಿ” ಎಂದು ಸರಿಯಾಗಿಯೇ ಹೇಳಿ ಮೀಸೆ ತಿರುವಿದ.

“ಬಂಡಿ ಓಡುವಾಗಲೂ ಅದರಲ್ಲಿ ಕದಲದೆ ಇರುವುದು ಯಾವುದು?”

“ಗಾಲಿಯ ಅಚ್ಚು!”

“ಬಂಡಿ ಮುಂದೆ ಹೋದರೆ ಅಚ್ಚು ಹಿಂದೆ ಉಳಿಯುತ್ತದೆಯೇ?”

ಮೀಸೆಯ ಮೇಲಿದ್ದ ಕೈ ಹಾಗೇ ಉಳಿಯಿತು. ಅವನೂ ಸೆರೆಮನೆ ಸೇರಿದ.

ಆಗ ತಿಪ್ಪಯ್ಯ ಮುಂದೆ ಬಂದ. ಅವನ ಮಾಸಲು ವಸ್ತ್ರದ ಗಂಟಿನಲ್ಲಿ ಸೀಸದ ಪಟ್ಟಿಯಿತ್ತು. ಉಗುರಿನಷ್ಟು ಬಿಲ್ಲೆಗಳನ್ನು ಒಂದೊಂದಾಗಿ ಎರಕ ಹೊಯ್ದು ತಂತಿಯಲ್ಲಿ ಪೋಣಿಸಿದ್ದ. ಸಭೆ ನಕ್ಕಿತು.

“ಮೊದಲನೇದು ಪಟ್ಟಿ ಬಂಡೀನೇ, ತಾಯಿ. ಎರಡನೇದು, ನೆಲ ಕಚ್ಚಿದ ಬಿಲ್ಲೆಗಳು. ಬಂಡಿ ಅವುಗಳ ಮೇಲೆ ಹಾದು ಹೋಗೋವರೆಗೂ ಅವು ಮಲಗಿದಲ್ಲೇ ಮಲಗಿರ್ತವೆ. ಕೆಸರಲ್ಲಿ ಅವುಗಳ ಗುರುತು ನೋಡಿದೀನಿ, ಒಂದಿಷ್ಟೂ ಜಾರಿರಲ್ಲ.”

ಹೊನ್ನಾಂಬೆ ಮೊದಲ ಬಾರಿಗೆ ನಡೆಯುವುದನ್ನು ನಿಲ್ಲಿಸಿದಳು. “ಮೂರನೆಯದು. ನೋಡುವವರ ಕಣ್ಣಿಗೆ ಕುಂದು, ನಡೆಯುವುದಕ್ಕೆ ಅದೇ ಜೀವ. ತೆಗೆದರೆ ಚೆಂದ ಕಾಣುತ್ತದೆ, ಸಾವು ಬರುತ್ತದೆ. ಏನದು?”

ತಿಪ್ಪಯ್ಯ ಪಟ್ಟಿಯನ್ನು ಪುಟ್ಟ ಬಂಡಿಗೆ ಸುತ್ತಿ ಕೊನೆಯ ತಂತಿ ಸಿಕ್ಕಿಸಿದ. ಸೀಸದ ಭಾರಕ್ಕೆ ಪಟ್ಟಿ ಮೇಲ್ಗಡೆ ಗಾಲಿಯಿಂದ ಗಾಲಿಗೆ ಮೆಲ್ಲಗೆ ಜೋತುಬಿತ್ತು.

“ಈ ಜೋಲು, ತಾಯಿ. ಕಲ್ಲು ಬಂದ್ರೆ, ಹಳ್ಳ ಬಂದ್ರೆ ಪಟ್ಟಿ ಇದರಿಂದ್ಲೇ ಬಗ್ಗುತ್ತೆ. ಬಿಗಿ ಮಾಡಿದ್ರೆ ಹರಿಯುತ್ತೆ.”

“ಸರಿ!” ಎಂದಳು ಹೊನ್ನಾಂಬೆ. “ಅಪ್ಪಾಜಿ, ಎರಡು ತಿಂಗಳಿಂದ ಇದನ್ನೇ ಹೇಳುತ್ತಿದ್ದೇನೆ. ಜೋಲು ತಪ್ಪಲ್ಲ, ಅಣ್ಣನ ಪಟ್ಟಿ ಸಡಿಲಾಗಿ ಕಳಚಿದ್ದಲ್ಲ, ಬಿಗಿಯಾಗಿ ಹರಿದದ್ದು ಅಂದೆ. ಹೆಣ್ಣುಮಕ್ಕಳಿಗೆ ರಣಬಂಡಿ ಏನು ಗೊತ್ತು ಅಂದುಬಿಟ್ಟಿರಿ.”

ರಾಜ ಸಿಟ್ಟಿನಿಂದ ಎದ್ದ. “ಹಾಗಾದರೆ ನನ್ನ ಮಗನ ಪಟ್ಟಿಯನ್ನು ಬಿಗಿ ಮಾಡಿದವನು ಯಾರು?”

“ನಮ್ಮಪ್ಪನೇ ಬುದ್ಧಿ,” ಎಂದ ತಿಪ್ಪಯ್ಯ. “ದಂಡು ಹೊರಡೋ ದಿನ ಮೆರವಣಿಗೆ ಇತ್ತು. ನಾನು ಅಲ್ಲೇ ಕೆಸರು ಕೆರೀತಿದ್ದೆ. ‘ಪಟ್ಟಿ ಜೋತುಬಿದ್ದಿದೆ, ಅಸಹ್ಯ ಕಾಣ್ತದೆ, ಬಿಗಿ’ ಅಂತ ತಾವೇ ಅಪ್ಪಣೆ ಕೊಟ್ರಿ.”

ರಾಜನಿಗೆ ಅದು ನೆನಪೂ ಇರಲಿಲ್ಲ. ಈಗ ನೆನಪಾಯಿತು. ಎದ್ದವನು ಹಾಗೇ ಕೂತ.

“ನಿನಗೇನು ಬೇಕು, ಕೇಳು,” ಎಂದ.

“ನಮ್ಮಪ್ಪ. ಆಮೇಲೆ, ಒಗಟು ಬಾರದೆ ಒಳಗೆ ಹೋದವರೂ ಮನೆಗೆ ಹೋಗ್ಲಿ.”

ರಾಜ ಬೀಗದ ಕೈಯನ್ನು ಭಟರಿಗೆ ಕೊಡಲಿಲ್ಲ. ತಾನೇ ನಡೆದು ಹೋಗಿ ಬಾಗಿಲು ತೆರೆದ. ಸೋತವರು ಎದ್ದೆನೋ ಬಿದ್ದೆನೋ ಎಂದು ಓಡಿದರು. ಕೊನೆಗೆ ಗಿರಿಯಪ್ಪ ಗೋಡೆ ಹಿಡಿದು ಹೊರಬಂದ. ತಿಪ್ಪಯ್ಯ ಅಪ್ಪನನ್ನು ತಬ್ಬಿಕೊಂಡ.

“ಗಿರಿಯಪ್ಪಾ,” ಎಂದ ರಾಜ, “ಅಪ್ಪಣೆ ಕೊಟ್ಟವನು ನಾನು. ತಲೆ ಹೋಗುವ ಹೊತ್ತಿನಲ್ಲೂ ಒಂದು ಮಾತು ಯಾಕೆ ಹೇಳಲಿಲ್ಲ?”

ಗಿರಿಯಪ್ಪ ಮಗನ ಹೆಗಲ ಮೇಲಿನ ಕೈ ತೆಗೆಯದೆ ಹೇಳಿದ: “ಮಗನ್ನ ಕಳಕೊಂಡ ಅಪ್ಪನಿಗೆ ಆ ಮಾತು ಹೆಂಗೆ ಹೇಳ್ಲಿ, ಬುದ್ಧಿ?”